ದೋಣಿ ಉದ್ದವಾದಷ್ಟೂ ಜಾಗ ಜಾಸ್ತಿ, ಆದರೆ ವೇಗ?

ದೋಣಿ ಕೊಳ್ಳಲೋ ಬಾಡಿಗೆಗೆ ಹಿಡಿಯಲೋ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಒಂದು ಅಂಕಿ. ಇದು 30 ಅಡಿ, ಅದು 36, ಆಚೆಯದು 40. ಎಷ್ಟೋ ತಯಾರಕರು ಮಾದರಿಯ ಹೆಸರಿಗೇ ಆ ಅಂಕಿ ಅಂಟಿಸಿರುತ್ತಾರೆ. ಬೆಲೆ ಅದನ್ನು ನೋಡಿ, ದೋಣಿ ನಿಲ್ಲಿಸುವ ಜಾಗದ ಬಾಡಿಗೆಯೂ ಅದನ್ನೇ ನೋಡಿ. ಹಾಗಾಗಿ ಹೊಸಬರ ತಲೆಯಲ್ಲಿ ಒಂದು ಲೆಕ್ಕ ತಾನಾಗಿಯೇ ಕೂತುಬಿಡುತ್ತದೆ: ಉದ್ದ ಹೆಚ್ಚಿದಷ್ಟೂ ಒಳಗೆ ಜಾಗ ಹೆಚ್ಚು, ನೀರಿನ ಮೇಲೆ ಓಟವೂ ಹೆಚ್ಚು.

ಎರಡೂ ನಿಜವೇ. ಆದರೆ ಎರಡೂ ಒಂದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಆಕಾರ ಹಾಗೇ ಇಟ್ಟು ದೋಣಿಯನ್ನು ಎಲ್ಲ ಕಡೆಯಿಂದಲೂ ಎರಡು ಪಟ್ಟು ದೊಡ್ಡದು ಮಾಡಿದರೆ ಒಳಗಿನ ಜಾಗ ಎಂಟು ಪಟ್ಟಾಗುತ್ತದೆ. ವೇಗ ಮಾತ್ರ ಸುಮಾರು 1.4 ಪಟ್ಟು, ಅಷ್ಟೇ. ಯಾಕೆ ಹೀಗೆ ಅನ್ನುವುದು ತಿಳಿದರೆ ಒಂದೇ ಉದ್ದದ ಎರಡು ದೋಣಿಗಳು ಯಾಕೆ ಅಷ್ಟೊಂದು ಬೇರೆ ಬೇರೆಯಾಗಿರುತ್ತವೆ ಅನ್ನುವುದೂ ತಿಳಿಯುತ್ತದೆ.

## ಮೊದಲ ಪ್ರಶ್ನೆ: ಯಾವ ಉದ್ದ?

ದೋಣಿಗೆ ಇರುವುದು ಒಂದೇ ಉದ್ದವಲ್ಲ. ಮುಂದಿನ ತುದಿಯಿಂದ ಹಿಂದಿನ ತುದಿಗೆ ಟೇಪು ಹಿಡಿದರೆ ಸಿಗುವುದು ಒಟ್ಟು ಉದ್ದ. ದೋಣಿ ಅಲುಗಾಡದೆ ನಿಂತಿರುವಾಗ ನೀರಿನ ಮೇಲ್ಮೈ ಅದರ ಒಡಲಿಗೆ ಒಂದು ಗೆರೆ ಎಳೆದಂತೆ ತಾಗಿರುತ್ತದಲ್ಲ, ಆ ಗೆರೆಯ ಉದ್ದ ಇನ್ನೊಂದು. ಅದನ್ನು ನೀರುಗೆರೆಯ ಉದ್ದ ಅನ್ನೋಣ. ಜಾಹೀರಾತಿನಲ್ಲಿ ದೊಡ್ಡದಾಗಿ ಬರುವುದು ಮೊದಲನೆಯದು. ವೇಗವನ್ನು ನಿರ್ಧರಿಸುವುದು ಎರಡನೆಯದು.

ಒಟ್ಟು ಉದ್ದದಲ್ಲೂ ಒಂದು ತೊಡಕಿದೆ. ಮುಂದೆ ಚಾಚಿಕೊಂಡಿರುವ ಕಂಬ, ಹಿಂದೆ ಈಜಲು ಇಳಿಯುವ ಹಲಗೆ, ಇವೆಲ್ಲ ಲೆಕ್ಕಕ್ಕೆ ಸೇರಬೇಕೋ ಬೇಡವೋ? ಸಣ್ಣ ದೋಣಿಗಳ ಅಳತೆಗೆಂದೇ ಐಎಸ್‌ಒ 8666 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದು ಒಡಲಿನ ಉದ್ದ ಮತ್ತು ಗರಿಷ್ಠ ಉದ್ದ ಎಂದು ಎರಡನ್ನು ಬೇರೆ ಬೇರೆ ಹೇಳುತ್ತದೆ. ಬಿಚ್ಚಿ ತೆಗೆಯಬಹುದಾದ ಭಾಗಗಳು ಒಡಲಿನ ಉದ್ದದಲ್ಲಿ ಸೇರುವುದಿಲ್ಲ. ಗರಿಷ್ಠ ಉದ್ದದಲ್ಲಿ ಸೇರುತ್ತವೆ. ಎರಡು ದೋಣಿಗಳನ್ನು ಹೋಲಿಸುವಾಗ ಒಂದರದ್ದು ಒಡಲಿನ ಉದ್ದ, ಇನ್ನೊಂದರದ್ದು ಗರಿಷ್ಠ ಉದ್ದ ಆಗಿದ್ದರೆ ಹೋಲಿಕೆಯೇ ತಪ್ಪುತ್ತದೆ.

ನೀರುಗೆರೆಯ ವಿಷಯಕ್ಕೆ ಒಂದು ಒಳ್ಳೆಯ ಉದಾಹರಣೆ ನಾರ್ಡಿಕ್ ಫೋಕ್‌ಬೋಟ್. 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ವಿನ್ಯಾಸಗೊಂಡ ಈ ಹಾಯಿದೋಣಿ ಇವತ್ತಿಗೂ ಓಡುತ್ತಿದೆ. ಒಟ್ಟು ಉದ್ದ 7.68 ಮೀಟರ್. ನೀರುಗೆರೆ 6 ಮೀಟರ್ ಮಾತ್ರ. ಉಳಿದ 1.68 ಮೀಟರ್ ಮುಂದೆಯೂ ಹಿಂದೆಯೂ ನೀರಿನ ಮೇಲೆ ಚಾಚಿಕೊಂಡಿದೆ. ಅಂದರೆ ಐದನೇ ಒಂದು ಪಾಲಿಗಿಂತ ಜಾಸ್ತಿ ಉದ್ದ, ದೋಣಿ ನಿಂತಾಗ ನೀರನ್ನು ಮುಟ್ಟುವುದೇ ಇಲ್ಲ.

ದೊಡ್ಡ ರೇಸಿನ ದೋಣಿಗಳಲ್ಲಿ ಇದು ಇನ್ನೂ ಅತಿಯಾಗಿತ್ತು. 1934ರಲ್ಲಿ ಅಮೆರಿಕಾಸ್ ಕಪ್‌ಗೆ ಸ್ಪರ್ಧಿಸಿದ ಎಂಡೆವರ್ ಎಂಬ ಬ್ರಿಟಿಷ್ ದೋಣಿಯ ಒಟ್ಟು ಉದ್ದ ಸುಮಾರು 129 ಅಡಿ, ನೀರುಗೆರೆ ಸುಮಾರು 83 ಅಡಿ. ಅಂದದ ಆಸೆಯೊಂದೇ ಇದಕ್ಕೆ ಕಾರಣವಲ್ಲ. ಆಗಿನ ನಿಯಮ ದೋಣಿ ನೆಟ್ಟಗೆ ನಿಂತಾಗಿನ ನೀರುಗೆರೆಯನ್ನು ಅಳೆಯುತ್ತಿತ್ತು. ಗಾಳಿಗೆ ದೋಣಿ ಪಕ್ಕಕ್ಕೆ ವಾಲಿದಾಗ ಆ ಚಾಚಿದ ತುದಿಗಳು ನೀರಿಗಿಳಿಯುತ್ತವೆ, ನೀರುಗೆರೆ ಉದ್ದವಾಗುತ್ತದೆ. ಅಳತೆಗೆ ಚಿಕ್ಕದು, ಓಟಕ್ಕೆ ಉದ್ದ. ಈಗಿನ ದೋಣಿಗಳ ಮುಂಭಾಗ ಗೋಡೆಯಂತೆ ನೇರವಾಗಿ ನೀರಿಗಿಳಿಯುವುದನ್ನು ನೋಡಿರುತ್ತೀರಿ. ಇವುಗಳಲ್ಲಿ ಒಟ್ಟು ಉದ್ದಕ್ಕೂ ನೀರುಗೆರೆಗೂ ಹೆಚ್ಚು ವ್ಯತ್ಯಾಸ ಉಳಿದಿಲ್ಲ. ಹಾಗಾಗಿ 36 ಅಡಿಯ ಹಳೆಯ ದೋಣಿಯನ್ನೂ 36 ಅಡಿಯ ಹೊಸ ದೋಣಿಯನ್ನೂ ಒಂದೇ ಅಳತೆಯವು ಎನ್ನುವುದು ಕಾಗದದ ಮಟ್ಟಿಗೆ ಮಾತ್ರ ಸರಿ.

## ಜಾಗ ಯಾಕೆ ಅಷ್ಟು ಬೇಗ ಬೆಳೆಯುತ್ತದೆ?

ಜಾಗ ಅನ್ನುವುದು ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿದಾಗ ಬರುವುದು. ದೋಣಿ ದೊಡ್ಡದಾಗುವಾಗ ಸಾಮಾನ್ಯವಾಗಿ ಮೂರೂ ಬೆಳೆಯುತ್ತವೆ. 30 ಅಡಿಯ ದೋಣಿಯನ್ನು ಅದೇ ಆಕಾರದಲ್ಲಿ 40 ಅಡಿಗೆ ಹಿಗ್ಗಿಸಿದರೆ ಉದ್ದ ಬೆಳೆಯುವುದು ಮೂರನೇ ಒಂದು ಪಾಲು. ಒಳಗಿನ ಜಾಗ ಸುಮಾರು 2.4 ಪಟ್ಟಾಗುತ್ತದೆ. ಹೊರಗೆ ನಿಂತು ನೋಡಿದವರಿಗೆ ಸ್ವಲ್ಪ ದೊಡ್ಡದು ಅನ್ನಿಸಿದ ದೋಣಿ ಒಳಗೆ ಕಾಲಿಟ್ಟ ಕೂಡಲೇ ಬೇರೆಯೇ ಲೋಕ ಅನ್ನಿಸುವುದು ಇದಕ್ಕೇ. ನಿಜವಾದ ದೋಣಿಗಳಲ್ಲಿ ಉದ್ದ ಬೆಳೆದಷ್ಟು ವೇಗವಾಗಿ ಅಗಲ ಬೆಳೆಯುವುದಿಲ್ಲ, ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಸಿಗುತ್ತದೆ. ಆದರೂ ದಿಕ್ಕು ಇದೇ.

ಇಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ದೋಣಿ ಬೆಳೆದರೂ ಮನುಷ್ಯರು ಬೆಳೆಯುವುದಿಲ್ಲ! ನಿಲ್ಲಲು ಸುಮಾರು 1.9 ಮೀಟರ್ ಎತ್ತರ, ಮಲಗಲು ಸುಮಾರು 2 ಮೀಟರ್ ಉದ್ದ, ಯಾವ ದೋಣಿಯಲ್ಲೂ ಬೇಕಾಗುವುದು ಇಷ್ಟೇ. 20 ಅಡಿಯ ಹಾಯಿದೋಣಿಯ ಒಳಗೆ ತಲೆ ಬಗ್ಗಿಸಿ ಕೂತಿರಬೇಕು. 30 ಅಡಿಯ ಹೊತ್ತಿಗೆ ನೆಟ್ಟಗೆ ನಿಲ್ಲುವುದು ಮಾಮೂಲಿ. ಒಮ್ಮೆ ಆ ಎತ್ತರ ಸಿಕ್ಕ ಮೇಲೆ ಮುಂದೆ ಬರುವುದೆಲ್ಲ ಕೋಣೆಗೆ, ಕಪಾಟಿಗೆ, ನೀರಿನ ಟ್ಯಾಂಕಿಗೆ ಸಿಗುವ ಜಾಗ. ಜಾಗದ ಅನುಭವ ನಿಧಾನವಾಗಿ ಬೆಳೆಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೆಟ್ಟಗೆ ನಿಲ್ಲುವುದು ಒಂದು ಮೆಟ್ಟಿಲು. ಬಾಗಿಲು ಹಾಕಿಕೊಳ್ಳಬಹುದಾದ ಮಲಗುವ ಕೋಣೆ ಇನ್ನೊಂದು. ಎರಡನೇ ಶೌಚಾಲಯ ಮತ್ತೊಂದು.

ಹೆಚ್ಚುವರಿ ಉದ್ದ ಎಲ್ಲಿ ಸೇರುತ್ತದೆ ಅನ್ನುವುದೂ ಮುಖ್ಯ. ದೋಣಿಯ ನಡುಭಾಗ 3.5 ಮೀಟರ್ ಅಗಲ, 2 ಮೀಟರ್ ಎತ್ತರ ಇದೆ ಎಂದುಕೊಳ್ಳಿ. ಅಲ್ಲಿ ಒಂದು ಮೀಟರ್ ಉದ್ದ ಸೇರಿಸಿದರೆ ಹೆಚ್ಚುಕಡಿಮೆ 7 ಘನ ಮೀಟರ್ ಜಾಗ ಬಂತು. ಅದೇ ಒಂದು ಮೀಟರನ್ನು ಚೂಪಾದ ಮುಂದಿನ ತುದಿಯಲ್ಲಿ ಸೇರಿಸಿ. ಅಲ್ಲಿ ಅಗಲ ಸೊನ್ನೆಯಿಂದ ಶುರುವಾಗಿ ಒಂದು ಮೀಟರ್ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ. ಒಂದು ಘನ ಮೀಟರ್ ಕೂಡ ಸಿಗುವುದಿಲ್ಲ. ಲಂಗರಿನ ಸರಪಳಿ ಹಾಕಿಡಲು ಸಾಕು, ಮಲಗಲು ಆಗದು. ಟೇಪಿನಲ್ಲಿ ಎರಡೂ ಒಂದು ಮೀಟರೇ.

ದೊಡ್ಡ ಹಡಗುಗಳವರು ಇದನ್ನು ಅಕ್ಷರಶಃ ಬಳಸಿಕೊಳ್ಳುತ್ತಾರೆ. ಎನ್‌ಚಾಂಟ್‌ಮೆಂಟ್ ಆಫ್ ದ ಸೀಸ್ ಎಂಬ ಪ್ರವಾಸಿ ಹಡಗನ್ನು 2005ರಲ್ಲಿ ರಾಟರ್‌ಡ್ಯಾಮ್‌ನ ಹಡಗುಕಟ್ಟೆಯಲ್ಲಿ ನಡುವೆ ಕತ್ತರಿಸಿ, ಎರಡು ತುಂಡುಗಳನ್ನು ದೂರ ಸರಿಸಿ, ಮೊದಲೇ ಕಟ್ಟಿಟ್ಟಿದ್ದ ಸುಮಾರು 22 ಮೀಟರ್ ಉದ್ದದ ಹೊಸ ಭಾಗವನ್ನು ನಡುವೆ ಕೂರಿಸಿ ಬೆಸೆದರು. ಮುಂದಿನ ತುದಿಯೂ ಹಿಂದಿನ ತುದಿಯೂ ಹಳೆಯವೇ. ಬಂದ ಉದ್ದವೆಲ್ಲ ಅತಿ ಅಗಲದ ಜಾಗದಲ್ಲಿ ಬಂದದ್ದರಿಂದ ಸುಮಾರು 150 ಹೊಸ ಕೋಣೆಗಳು ಸಿಕ್ಕವು.

ಒಳಗಿನ ಜಾಗಕ್ಕೆಂದೇ ಒಂದು ಅಧಿಕೃತ ಅಳತೆ ಇದೆ: ಗ್ರಾಸ್ ಟನೇಜ್. ಹೆಸರು ಕೇಳಿದರೆ ತೂಕ ಅನ್ನಿಸುತ್ತದೆ, ಆದರೆ ಅದು ತೂಕ ಅಲ್ಲ. 1969ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನ ಮುಚ್ಚಿದ ಜಾಗಗಳ ಒಟ್ಟು ಘನ ಅಳತೆಯಿಂದ ಲೆಕ್ಕ ಹಾಕಿ ತೆಗೆಯುವ ಅಂಕಿ ಅದು. ದೊಡ್ಡ ವಿಹಾರ ನೌಕೆಗಳನ್ನು ಹೋಲಿಸುವಾಗ ತಿಳಿದವರು ಉದ್ದಕ್ಕಿಂತ ಮೊದಲು ಇದನ್ನೇ ನೋಡುತ್ತಾರೆ. 50 ಮೀಟರಿನ ಎರಡು ನೌಕೆಗಳಲ್ಲಿ ಒಂದು ತೆಳ್ಳಗೆ, ಇನ್ನೊಂದು ಅಗಲವಾಗಿ ಹೆಚ್ಚು ಅಂತಸ್ತು ಹೊತ್ತಿದ್ದರೆ ಜಾಗದಲ್ಲಿ ಅವು ಹತ್ತಿರಕ್ಕೂ ಬರುವುದಿಲ್ಲ.

## ವೇಗಕ್ಕೆ ಅಡ್ಡ ಬರುವುದು ದೋಣಿ ತಾನೇ ಎಬ್ಬಿಸುವ ಅಲೆ

ಈಗ ವೇಗ. ನೀರಿನಲ್ಲಿ ಹೋಗುವ ದೋಣಿಗೆ ಮುಖ್ಯವಾಗಿ ಎರಡು ತಡೆಗಳಿವೆ. ಒಂದು, ನೀರು ಒಡಲಿಗೆ ಉಜ್ಜಿಕೊಂಡು ಹೋಗುವ ತಿಕ್ಕಾಟ. ನಿಧಾನವಾಗಿ ಹೋಗುವಾಗ ಇದೇ ದೊಡ್ಡದು. ಎರಡು, ಅಲೆ. ದೋಣಿ ಮುಂದೆ ಹೋಗಬೇಕಾದರೆ ನೀರನ್ನು ಬದಿಗೆ ತಳ್ಳಬೇಕು. ತಳ್ಳಿದ ನೀರು ಮುಂದೆ ಉಬ್ಬುತ್ತದೆ, ಆಮೇಲೆ ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಹೀಗೆ ಒಡಲಿನ ಉದ್ದಕ್ಕೂ ಅಲೆಗಳ ಸಾಲು ಏಳುತ್ತದೆ. ಅದನ್ನು ಎಬ್ಬಿಸಲು ಖರ್ಚಾಗುವ ಶಕ್ತಿ ದೋಣಿಯದೇ.

ಆಳ ನೀರಿನ ಅಲೆಗಳಿಗೆ ಒಂದು ಕಟ್ಟುನಿಟ್ಟಾದ ಗುಣ ಇದೆ. ಅಲೆಯ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಇರುವ ದೂರ ಹೆಚ್ಚಿದಷ್ಟೂ ಅದು ವೇಗವಾಗಿ ಓಡುತ್ತದೆ. ಚಿಕ್ಕ ಅಲೆ ನಿಧಾನ, ಉದ್ದದ ಅಲೆ ಜೋರು. ದೋಣಿ ಎಬ್ಬಿಸಿದ ಅಲೆ ದೋಣಿಯ ಜೊತೆಗೇ ಓಡುವುದರಿಂದ ಎರಡರ ವೇಗವೂ ಒಂದೇ. ಅಂದಮೇಲೆ ದೋಣಿಯ ವೇಗ ಹೆಚ್ಚಿದಂತೆ ಅದರ ಅಲೆ ಉದ್ದವಾಗಲೇಬೇಕು.

ಅಂಕಿಗಳಲ್ಲಿ ನೋಡೋಣ. ಸಮುದ್ರದಲ್ಲಿ ವೇಗವನ್ನು ನಾಟ್‌ನಲ್ಲಿ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. 4 ನಾಟ್‌ನಲ್ಲಿ ಹೋಗುವ ದೋಣಿಯ ಅಲೆಯ ಉದ್ದ ಸುಮಾರು 9 ಅಡಿ. 6 ನಾಟ್‌ನಲ್ಲಿ 20 ಅಡಿ. 8 ನಾಟ್‌ನಲ್ಲಿ ಹತ್ತಿರ ಹತ್ತಿರ 36 ಅಡಿ. ವೇಗ ದುಪ್ಪಟ್ಟಾದರೆ ಅಲೆ ನಾಲ್ಕು ಪಟ್ಟು ಉದ್ದ.

36 ಅಡಿ ನೀರುಗೆರೆಯ ದೋಣಿಯೊಂದನ್ನು ಕಲ್ಪಿಸಿಕೊಳ್ಳಿ. 4 ನಾಟ್‌ನಲ್ಲಿ ಅದರ ಬದಿಯಲ್ಲಿ ನಾಲ್ಕು ಪುಟ್ಟ ಅಲೆಗಳಿರುತ್ತವೆ. ದೋಣಿ ಅವುಗಳ ಮೇಲೆ ಸಮನಾಗಿ ಕೂತಿರುತ್ತದೆ, ತೊಂದರೆ ಇಲ್ಲ. ವೇಗ ಹೆಚ್ಚಿದಂತೆ ಅಲೆಗಳು ಮೂರಾಗುತ್ತವೆ, ಎರಡಾಗುತ್ತವೆ. 8 ನಾಟ್‌ಗೆ ಬಂದಾಗ ಒಂದೇ ಅಲೆ: ಒಂದು ನೆತ್ತಿ ಮುಂದಿನ ತುದಿಯಲ್ಲಿ, ಇನ್ನೊಂದು ಹಿಂದಿನ ತುದಿಯಲ್ಲಿ, ನಡುವೆ ದೊಡ್ಡ ತಗ್ಗು. ಇನ್ನೂ ಜೋರು ಮಾಡಿದಿರೋ, ಹಿಂದಿನ ನೆತ್ತಿ ದೋಣಿಯನ್ನು ಬಿಟ್ಟು ಹಿಂದಕ್ಕೆ ಸರಿಯುತ್ತದೆ. ಹಿಂಭಾಗ ತಗ್ಗಿಗೆ ಇಳಿಯುತ್ತದೆ, ಮುಂಭಾಗ ಮೇಲೇಳುತ್ತದೆ. ದೋಣಿ ತಾನೇ ಎಬ್ಬಿಸಿದ ಏರನ್ನು ಹತ್ತಲು ಶುರುಮಾಡುತ್ತದೆ. ಏರುದಾರಿಯಲ್ಲಿ ಸೈಕಲ್ ತುಳಿದಂತೆ ಇದು, ಆದರೆ ಈ ಏರಿಗೆ ತುದಿ ಇಲ್ಲ. ದೋಣಿ ಮುಂದೆ ಹೋದಷ್ಟೂ ಏರೂ ಜೊತೆಗೇ ಬರುತ್ತದೆ. ಭಾರದ ದೋಣಿಯೊಂದರಲ್ಲಿ ಈ ಹಂತಕ್ಕೆ ಬಂದ ಮೇಲೆ ಎಂಜಿನ್ನಿನ ಶಕ್ತಿ ದುಪ್ಪಟ್ಟು ಮಾಡಿದರೂ ಒಂದು ನಾಟ್ ಹೆಚ್ಚಿಸುವುದು ಕಷ್ಟ. ಹೋಗುವುದೆಲ್ಲ ಇಂಧನ, ಬರುವುದೆಲ್ಲ ಅಲೆ.

ಈ ಹಂತದ ವೇಗವನ್ನೇ ಹಾಯಿದೋಣಿಯವರು ಹಲ್ ಸ್ಪೀಡ್ ಎನ್ನುತ್ತಾರೆ. ಲೆಕ್ಕ ಸುಲಭ. ನೀರುಗೆರೆಯ ಉದ್ದ ಅಡಿಗಳಲ್ಲಿದ್ದರೆ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಮೀಟರ್‌ಗಳಲ್ಲಿದ್ದರೆ 2.43ರಿಂದ. ಬರುವ ಉತ್ತರ ನಾಟ್‌ನಲ್ಲಿ. 25 ಅಡಿಗೆ 6.7 ನಾಟ್, 30 ಅಡಿಗೆ 7.3, 36 ಅಡಿಗೆ 8, 40 ಅಡಿಗೆ 8.5. ಆ ಫೋಕ್‌ಬೋಟ್ ನೆನಪಿದೆಯಲ್ಲ? 6 ಮೀಟರ್ ನೀರುಗೆರೆಗೆ ಬರುವುದು 6 ನಾಟ್‌ಗೆ ಒಂದಿಷ್ಟು ಕಮ್ಮಿ. ಒಟ್ಟು ಉದ್ದ 7.68 ಮೀಟರ್ ಇಟ್ಟು ಲೆಕ್ಕ ಹಾಕಿದವರಿಗೆ 6.7 ಸಿಕ್ಕು, ದೋಣಿ ಯಾಕೆ ಅಷ್ಟು ಓಡುತ್ತಿಲ್ಲ ಅನ್ನಿಸುತ್ತದೆ.

ಇಲ್ಲಿ ವರ್ಗಮೂಲ ಇರುವುದರಿಂದಲೇ ವೇಗ ಅಷ್ಟು ಬಿಗಿಮುಷ್ಟಿ. 30 ಅಡಿಯಿಂದ 40 ಅಡಿಗೆ ಹೋದರೆ ಜಾಗ 2.4 ಪಟ್ಟು, ವೇಗ ನೂರಕ್ಕೆ ಹದಿನೈದರಷ್ಟು ಮಾತ್ರ ಜಾಸ್ತಿ. ದಿನವಿಡೀ ನೋಡಿದರೆ ಇದು ಚಿಕ್ಕದೇನಲ್ಲ. 7 ನಾಟ್‌ನಲ್ಲಿ 24 ಗಂಟೆಗೆ 168 ನಾಟಿಕಲ್ ಮೈಲಿ, 8 ನಾಟ್‌ನಲ್ಲಿ 192. ಸಾಗರ ದಾಟುವವರಿಗೆ ಈ 24 ಮೈಲಿ ದಿನದಿನವೂ ಸೇರುತ್ತಾ ಹೋಗುತ್ತದೆ. ವಾರಾಂತ್ಯಕ್ಕೆ ಹತ್ತಿರದ ದ್ವೀಪಕ್ಕೆ ಹೋಗಿಬರುವವರಿಗೆ ಅರ್ಧ ಗಂಟೆಯ ಮಾತು.

## ಇದನ್ನು ಕಂಡುಕೊಂಡದ್ದು ಹೇಗೆ?

ಈ ಸಂಬಂಧವನ್ನು ಪ್ರಯೋಗ ಮಾಡಿ ಸ್ಪಷ್ಟಪಡಿಸಿದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್. ಅವರ ಮುಂದಿದ್ದ ಪ್ರಶ್ನೆ ಇದು: ಹಡಗು ಕಟ್ಟುವ ಮೊದಲೇ, ಅದರ ಪುಟ್ಟ ಮಾದರಿಯನ್ನು ನೀರಿನಲ್ಲಿ ಎಳೆದು ನೋಡಿ, ದೊಡ್ಡದರ ನಡತೆ ಹೇಳಬಹುದೇ? ಆಗ ಬಹಳಷ್ಟು ಜನಕ್ಕೆ ಮಾದರಿಗಳ ಮೇಲೆ ನಂಬಿಕೆ ಇರಲಿಲ್ಲ. 1867ರಲ್ಲಿ ಫ್ರೌಡ್ ಡಾರ್ಟ್ ನದಿಯಲ್ಲಿ ಸ್ವಾನ್, ರೇವನ್ ಎಂಬ ಎರಡು ಆಕಾರಗಳ ಮಾದರಿಗಳನ್ನು ಎಳೆಸಿದರು. ಪ್ರತಿ ಆಕಾರಕ್ಕೂ ಮೂರು ಗಾತ್ರ: 3 ಅಡಿ, 6 ಅಡಿ, 12 ಅಡಿ.

ಅಲ್ಲಿ ಕಂಡದ್ದು ನನಗೆ ಈ ವಿಷಯದಲ್ಲೇ ಅತಿ ಚಂದದ ಸಂಗತಿ. 3 ಅಡಿಯ ಮಾದರಿ ಒಂದು ವೇಗದಲ್ಲಿ ಎಬ್ಬಿಸುವ ಅಲೆಯ ಚಿತ್ರವನ್ನೇ 12 ಅಡಿಯ ಮಾದರಿ ಎರಡು ಪಟ್ಟು ವೇಗದಲ್ಲಿ ಎಬ್ಬಿಸುತ್ತದೆ. ಉದ್ದ ನಾಲ್ಕು ಪಟ್ಟು, ವೇಗ ಎರಡು ಪಟ್ಟು. ನಾಲ್ಕರ ವರ್ಗಮೂಲ ಎರಡು, ಅಲ್ವಾ? ಎರಡು ಆಕಾರಗಳಲ್ಲಿ ಯಾವುದೂ ಎಲ್ಲ ವೇಗಕ್ಕೂ ಮೇಲಾಗಲಿಲ್ಲ. ಒಂದು ವೇಗದಲ್ಲಿ ಇದು ಹಗುರಾಗಿ ಸಾಗಿದರೆ ಇನ್ನೊಂದು ವೇಗದಲ್ಲಿ ಅದು. ಇದಾದ ಮೇಲೆ ಬ್ರಿಟಿಷ್ ನೌಕಾ ಇಲಾಖೆಗಾಗಿ ಅವರು ಟಾರ್ಕ್ವೇ ಊರಿನಲ್ಲಿ ಮಾದರಿ ಎಳೆಯುವ ಉದ್ದನೆಯ ತೊಟ್ಟಿ ಕಟ್ಟಿಸಿದರು. ವೇಗವನ್ನು ಉದ್ದಕ್ಕೆ ಹೋಲಿಸುವ ಅಂಕಿಗೆ ಇವತ್ತಿಗೂ ಫ್ರೌಡ್ ಸಂಖ್ಯೆ ಎಂದೇ ಹೆಸರು.

## ಹಾಗಾದರೆ ಕೆಲವು ದೋಣಿಗಳು ಹಾರುವಂತೆ ಓಡುವುದು ಹೇಗೆ?

ಹಲ್ ಸ್ಪೀಡ್ ಒಂದು ಗೋಡೆ ಎಂದು ಎಷ್ಟೋ ಕಡೆ ಓದಿರುತ್ತೀರಿ. ಗೋಡೆ ಅಲ್ಲ, ಏರು. ಅದನ್ನು ದಾಟಲು ಎರಡು ದಾರಿ ಇವೆ.

ಮೊದಲನೆಯದು, ಏರೇ ಏಳದಂತೆ ನೋಡಿಕೊಳ್ಳುವುದು. ಒಬ್ಬರೇ ಹುಟ್ಟು ಹಾಕುವ ರೇಸಿನ ದೋಣಿ ಸುಮಾರು 8 ಮೀಟರ್ ಉದ್ದ, ಆದರೆ ನೀರಿನ ಮಟ್ಟದಲ್ಲಿ ಅಗಲ 30 ಸೆಂಟಿಮೀಟರ್ ಆಸುಪಾಸು. ಸೂತ್ರದ ಪ್ರಕಾರ ಅದರ ವೇಗ 7 ನಾಟ್ ಒಳಗೇ ನಿಲ್ಲಬೇಕು. ಒಳ್ಳೆಯ ಸ್ಪರ್ಧಿಗಳು 2000 ಮೀಟರನ್ನು 7 ನಿಮಿಷದ ಒಳಗೆ ಮುಗಿಸುತ್ತಾರೆ. ಅಂದರೆ 9 ನಾಟ್‌ಗಿಂತ ಹೆಚ್ಚು. ಎಂಜಿನ್ ಇಲ್ಲ, ಹಾಯಿ ಇಲ್ಲ, ಒಬ್ಬ ಮನುಷ್ಯನ ಕೈಕಾಲಿನ ಬಲ ಅಷ್ಟೇ. ಅಷ್ಟು ಸಪೂರ, ಅಷ್ಟು ಹಗುರ ಒಡಲು ನೀರನ್ನು ಬದಿಗೆ ತಳ್ಳುವುದೇ ಕಡಿಮೆ, ಹಾಗಾಗಿ ಅಲೆಯೂ ಪುಟ್ಟದು. ಎರಡು ಸಪೂರ ಒಡಲುಗಳನ್ನು ಜೋಡಿಸಿದ ಕ್ಯಾಟಮರಾನ್ ವೇಗವಾಗಿ ಓಡುವುದೂ ಇದೇ ಕಾರಣಕ್ಕೆ.

ಎರಡನೆಯದು, ಏರನ್ನು ಹತ್ತಿ ಅದರ ಮೇಲೆ ಜಾರುವುದು. ಹಿಂಭಾಗದ ತಳ ಚಪ್ಪಟೆಯಾಗಿ, ಉದ್ದಕ್ಕೆ ಹೋಲಿಸಿದರೆ ತೂಕ ಕಡಿಮೆಯಾಗಿ, ಶಕ್ತಿ ಸಾಕಷ್ಟಿದ್ದರೆ ನೀರಿನ ಒತ್ತಡ ದೋಣಿಯನ್ನೇ ಮೇಲಕ್ಕೆತ್ತುತ್ತದೆ. ಆಗ ದೋಣಿ ನೀರನ್ನು ಸೀಳುವುದಿಲ್ಲ, ಮೇಲೆ ಜಾರುತ್ತದೆ. ಇದಕ್ಕೆ ಪ್ಲೇನಿಂಗ್ ಎಂದು ಹೆಸರು. ಸ್ಪೀಡ್‌ಬೋಟುಗಳೆಲ್ಲ ಹೀಗೆ. ಇಲ್ಲಿ ವೇಗವನ್ನು ನಿರ್ಧರಿಸುವುದು ಉದ್ದಕ್ಕಿಂತ ಹೆಚ್ಚಾಗಿ ತೂಕ ಮತ್ತು ಎಂಜಿನ್.

ಎರಡು ದಾರಿಗೂ ಕಟ್ಟಬೇಕಾದ ಬೆಲೆ ಒಂದೇ: ಹಗುರವಾಗಿರಬೇಕು. ಒಡಲು ಸಪೂರ ಮಾಡಿದರೆ ಒಳಗೆ ಜಾಗ ಹೋಯಿತು. ಜಾಗ ಇದ್ದರೂ ಅದನ್ನು ತುಂಬುವಂತಿಲ್ಲ. ದೊಡ್ಡ ಕ್ಯಾಟಮರಾನ್ ಕೊಂಡು, ಜನರೇಟರ್, ಏಸಿ, ತುಂಬಿದ ಟ್ಯಾಂಕು, ನಾಲ್ಕು ಜನರ ವರ್ಷದ ಸಾಮಾನು ಎಲ್ಲ ಹೇರಿದರೆ ಒಡಲು ನೀರಿಗೆ ಇಳಿಯುತ್ತದೆ, ಆ ಸಪೂರದ ಲಾಭ ಕರಗುತ್ತದೆ.

## ಭಾರಿ ಹಡಗಿಗೆ ಉದ್ದ ಅಡ್ಡಿಯೇ ಅಲ್ಲ

ಸಣ್ಣ ದೋಣಿಗಳಿಗೆ ಇಷ್ಟು ಕಾಡುವ ಈ ಏರು ದೊಡ್ಡ ಹಡಗುಗಳ ಹತ್ತಿರ ಸುಳಿಯುವುದಿಲ್ಲ. 1952ರಲ್ಲಿ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ಅಟ್ಲಾಂಟಿಕ್ ದಾಟುವ ದಾಖಲೆ ಮುರಿಯಿತು. ಸರಾಸರಿ ವೇಗ 35.59 ನಾಟ್. ಸುಮಾರು 990 ಅಡಿ ಉದ್ದದ ಈ ಹಡಗಿಗೆ ಸೂತ್ರ ಕೊಡುವ ಅಂಕಿ 40 ನಾಟ್ ದಾಟುತ್ತದೆ. ಅಂದರೆ ದಾಖಲೆಯ ಓಟದಲ್ಲೂ ಅದು ತನ್ನ ಹಲ್ ಸ್ಪೀಡ್ ಮುಟ್ಟಿರಲಿಲ್ಲ. ಈಗಿನ 400 ಮೀಟರಿನ ಕಂಟೇನರ್ ಹಡಗುಗಳು ತಮ್ಮ ಹಲ್ ಸ್ಪೀಡ್‌ನ ಅರ್ಧದಷ್ಟನ್ನೂ ಮುಟ್ಟುವುದಿಲ್ಲ. ಅವುಗಳ ವೇಗ ನಿಲ್ಲಿಸುವುದು ಇಂಧನದ ಖರ್ಚು.

## ಒಂದೇ ಉದ್ದ, ಎರಡು ಬೇರೆ ದೋಣಿ

ಉದ್ದ ಎಂಬುದು ವಿನ್ಯಾಸಗಾರರ ಕೈಯಲ್ಲಿರುವ ಬಂಡವಾಳ. ಅದನ್ನು ಅಗಲದ ಜೊತೆ ಸೇರಿಸಿ ಜಾಗಕ್ಕೆ ಹಾಕಬಹುದು, ಅಥವಾ ಸಪೂರ ಇಟ್ಟು ವೇಗಕ್ಕೆ ಹಾಕಬಹುದು. ಎರಡಕ್ಕೂ ಪೂರ್ತಿಯಾಗಿ ಹಾಕಲು ಆಗುವುದಿಲ್ಲ.

10 ಟನ್ ತೂಕದ, ಎರಡು ಕೋಣೆಯ ಒಂದು ದೋಣಿ ಬೇಕು ಎಂದುಕೊಳ್ಳಿ. ಅದನ್ನು 38 ಅಡಿಯಲ್ಲಿ ದುಂಡಗೆ ಕಟ್ಟಬಹುದು. ಅದೇ ತೂಕ, ಅದೇ ಎರಡು ಕೋಣೆಗಳನ್ನು 46 ಅಡಿಯ ಸಪೂರ ಒಡಲಿನಲ್ಲೂ ಕೂರಿಸಬಹುದು, ಎರಡೂ ತುದಿಗಳನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟು. ಎರಡನೆಯದು ವೇಗವಾಗಿ ಓಡುತ್ತದೆ, ಎದುರಲೆಗೆ ಕುಪ್ಪಳಿಸುವುದೂ ಕಡಿಮೆ. ದೋಣಿಯ ಕಟ್ಟುವ ಖರ್ಚು ಬಹುಪಾಲು ತೂಕ ಮತ್ತು ಒಳಗಿನ ಸಾಮಾನಿನ ಮೇಲೆ ನಿಂತಿರುವುದರಿಂದ ಉದ್ದ ಏರಿದಷ್ಟು ಖರ್ಚು ಏರುವುದಿಲ್ಲ. ಸಾಗರ ದಾಟುವವರಿಗೆ ಇದೇ ಜಾಣ ಆಯ್ಕೆ ಎಂದು ನನ್ನ ಅಭಿಪ್ರಾಯ. ಆದರೆ ಪ್ರತಿ ಬಂದರಿನಲ್ಲೂ 46 ಅಡಿಯ ಲೆಕ್ಕದಲ್ಲೇ ದುಡ್ಡು ಕೊಡಬೇಕು. ಮಾರುವಾಗ 46 ಅಡಿಗೆ ಎರಡೇ ಕೋಣೆಯೇ ಎಂದು ಕೇಳುವವರೂ ಸಿಗುತ್ತಾರೆ. ಅದಕ್ಕೇ ಇಂಥ ದೋಣಿಗಳು ಅಪರೂಪ.

ಉದ್ದವನ್ನು ಹೆಚ್ಚಿಸುವಂತೆಯೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಿನಿ 6.50 ವರ್ಗದ ದೋಣಿಗಳನ್ನು ನೋಡಬೇಕು. ಒಬ್ಬರೇ ಅಟ್ಲಾಂಟಿಕ್ ದಾಟುವ ರೇಸಿಗೆ ಬಳಸುವ ಇವುಗಳಿಗೆ ಉದ್ದದ ಮಿತಿ 6.5 ಮೀಟರ್, ಅಗಲದ ಮಿತಿ 3 ಮೀಟರ್. ಎಲ್ಲರೂ ಮುಂದಿನ ತುದಿಯನ್ನು ಚೂಪಾಗಿ ಮಾಡುತ್ತಿದ್ದಾಗ ಫ್ರಾನ್ಸಿನ ಡೇವಿಡ್ ರೈಸನ್ ಅದನ್ನು ದುಂಡಗೆ, ಮೊಂಡಾಗಿ ಮಾಡಿದರು. ದೋಣಿ ವಾಲಿದಾಗ ಆ ಅಗಲದ ಮುಂಭಾಗ ನೀರಿನಲ್ಲಿ ಉದ್ದನೆಯ ಸಪೂರ ಗೆರೆಯನ್ನು ಕೊಡುತ್ತದೆ, ಮೂತಿ ನೀರಿಗೆ ನುಗ್ಗದಂತೆ ತಡೆಯುತ್ತದೆ. 2011ರ ಮಿನಿ ಟ್ರಾನ್ಸಾಟ್ ರೇಸನ್ನು ಅದರಲ್ಲೇ ಗೆದ್ದರು. ವೇಗಕ್ಕೆಂದು ಹುಟ್ಟಿದ ಈ ಆಕಾರದಿಂದ ಜಾಗವೂ ಸಿಕ್ಕಿತು. ಚೂಪು ತುದಿಯಲ್ಲಿ ಒಂದು ಘನ ಮೀಟರೂ ಸಿಗದು ಎಂದೆನಲ್ಲ, ಅಲ್ಲೇ ಈಗ ಅಗಲದ ಹಾಸಿಗೆ ಹಿಡಿಸುತ್ತದೆ. ಆಮೇಲೆ ಕುಟುಂಬದ ಓಡಾಟಕ್ಕೆ ಕಟ್ಟುವ ಕೆಲವು ದೋಣಿಗಳಿಗೂ ಈ ಮೊಂಡು ಮೂತಿ ಬಂತು.

## ಮೆಲುಗಾಳಿ, ಸ್ಥಿರತೆ, ಕುಲುಕಾಟ

ಗಾಳಿ ಕಡಿಮೆ ಇದ್ದಾಗ ಉದ್ದದ ಲಾಭ ಕಾಣುವುದಿಲ್ಲ. ಆಗ ಅಲೆ ಏಳುವಷ್ಟು ವೇಗವೇ ಇರುವುದಿಲ್ಲ, ತಿಕ್ಕಾಟದ್ದೇ ಆಟ. ನೀರಿಗೆ ತಾಗುವ ಮೈ ಕಡಿಮೆ ಇರುವ, ಹಾಯಿ ದೊಡ್ಡದಿರುವ ಚಿಕ್ಕ ದೋಣಿ ಭಾರದ ದೊಡ್ಡ ದೋಣಿಯನ್ನು ಹಿಂದೆ ಹಾಕುವುದುಂಟು.

ಗಾಳಿ ಏರಿದಾಗ ಚಿತ್ರ ತಿರುಗುತ್ತದೆ. ಅದೇ ಆಕಾರದಲ್ಲಿ ದೋಣಿಯನ್ನು ದುಪ್ಪಟ್ಟು ಮಾಡಿದರೆ ಅದನ್ನು ವಾಲಿಸುವ ಗಾಳಿಯ ತಿರುಗುಬಲ, ಅಂದರೆ ಬಲವನ್ನು ಸನ್ನೆಯ ಉದ್ದದಿಂದ ಗುಣಿಸಿದ್ದು, ಎಂಟು ಪಟ್ಟಾಗುತ್ತದೆ. ವಾಲದಂತೆ ಹಿಡಿದು ನಿಲ್ಲಿಸುವ ತಿರುಗುಬಲ ಹದಿನಾರು ಪಟ್ಟಾಗುತ್ತದೆ. ಯಾಕೆಂದರೆ ತೂಕ ಎಂಟು ಪಟ್ಟಾದರೆ, ಆ ತೂಕ ಕೆಲಸ ಮಾಡುವ ಸನ್ನೆಯ ಉದ್ದವೂ ಎರಡು ಪಟ್ಟಾಗಿರುತ್ತದೆ. ಹಾಗಾಗಿ ಚಿಕ್ಕ ದೋಣಿ ಹಾಯಿ ಇಳಿಸಬೇಕಾದ ಗಾಳಿಯಲ್ಲಿ ದೊಡ್ಡದು ಪೂರ್ತಿ ಹಾಯಿಯಲ್ಲಿ ಓಡುತ್ತಿರುತ್ತದೆ. ಉದ್ದದ ದೋಣಿ ಗಿಡ್ಡ ಅಲೆಗಳ ನಡುವೆ ಸೇತುವೆಯಂತೆ ಮಲಗುವುದರಿಂದ ಕುಲುಕಾಟವೂ ಕಡಿಮೆ. ಸೂತ್ರ ಹೇಳುವ ವ್ಯತ್ಯಾಸ ಅರ್ಧ ನಾಟ್ ಆದರೂ ಒರಟು ಸಮುದ್ರದಲ್ಲಿ ಅದು ಇನ್ನೂ ಹೆಚ್ಚಾಗುತ್ತದೆ.

## ಜಾಹೀರಾತು ಓದುವಾಗ

ದೋಣಿಯ ಪೂರ್ತಿ ವಿವರ ಕೊಡುವ ಹಾಳೆಯಲ್ಲಿ ಉದ್ದದ ಕೆಳಗೆ ಸಣ್ಣ ಅಕ್ಷರದಲ್ಲಿ ನೀರುಗೆರೆ, ಅಗಲ, ತೂಕ ಇರುತ್ತವೆ. ನೀರುಗೆರೆಯ ವರ್ಗಮೂಲ ತೆಗೆದು 1.34ರಿಂದ ಗುಣಿಸಿದರೆ, ಮಾಮೂಲಿ ಭಾರದ ಹಾಯಿದೋಣಿಯಿಂದ ಎಷ್ಟು ನಿರೀಕ್ಷಿಸಬಹುದು ಎಂಬ ಅಂದಾಜು ಸಿಗುತ್ತದೆ. ದಿನದ ಸರಾಸರಿ ಅದಕ್ಕಿಂತ ಕೆಳಗೇ ಇರುತ್ತದೆ. ಅದಕ್ಕಿಂತ ಬಹಳ ಹೆಚ್ಚು ವೇಗ ಬರುತ್ತದೆ ಎಂದು ಮಾರುವವರು ಹೇಳಿದರೆ, ಒಡಲು ಸಪೂರವೋ, ದೋಣಿ ತೀರಾ ಹಗುರವೋ, ಎಂಜಿನ್ ಅಷ್ಟು ದೊಡ್ಡದೋ ಎಂದು ಕೇಳಿ. ಮೂರರಲ್ಲಿ ಒಂದಾದರೂ ಹೌದಾಗಿರಬೇಕು.

ಜಾಗಕ್ಕೆ ಉದ್ದಕ್ಕಿಂತ ಅಗಲವನ್ನು ನೋಡಿ. ಆ ಅಗಲ ನಡುವೆ ಮಾತ್ರ ಇದೆಯೋ, ಹಿಂಭಾಗದವರೆಗೂ ಹಾಗೇ ಹೋಗಿದೆಯೋ ಎಂದು ಮೇಲಿನಿಂದ ತೆಗೆದ ನಕ್ಷೆಯಲ್ಲಿ ಗಮನಿಸಿ. ಇನ್ನು ತೂಕದ ಅಂಕಿ. ಸಾಮಾನ್ಯವಾಗಿ ಅಚ್ಚಾಗಿರುವುದು ಖಾಲಿ ದೋಣಿಯ ತೂಕ, ನೀರು, ಇಂಧನ, ಜನ, ಸಾಮಾನು ಯಾವುದೂ ಇಲ್ಲದ್ದು. ಸಾವಿರ ಲೀಟರ್ ನೀರಿನ ಟ್ಯಾಂಕು ತುಂಬಿದರೆ ಅಲ್ಲಿಗೇ ಒಂದು ಟನ್ ಏರಿತು. ತುಂಬಿದಾಗಿನ ತೂಕ ಎಷ್ಟು ಎಂದು ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು. ಸಮುದ್ರಕ್ಕೆ ಹೋಗುವುದು ಆ ದೋಣಿಯೇ.